ಮಲೆನಾಡಿನಲ್ಲಿದ್ದು ಹಳೇ ಗೂಢಚಾರಿ ಆಟಿಕೆ ಸಂಗ್ರಹಿಸುವುದು ಹೇಗೆ?

ಹಳೇ ಗೂಢಚಾರಿ ಆಟಿಕೆಗಳಲ್ಲಿ ಅಪರೂಪದ್ದು ಯಾವುದು ಅಂತ ಕೇಳಿದರೆ ಹೆಚ್ಚಿನವರು ಕಾರು, ಪಿಸ್ತೂಲು, ಕ್ಯಾಮೆರಾ ಅನ್ನುತ್ತಾರೆ. ನನ್ನ ಪ್ರಕಾರ ಅಪರೂಪದ್ದು ಅವುಗಳ ಜೊತೆ ಬಂದ ಚಿಕ್ಕ ಸಾಮಾನು. 1965ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಕಾರ್ಗಿ ಕಂಪನಿ ಜೇಮ್ಸ್ ಬಾಂಡ್‌ನ ಆಸ್ಟನ್ ಮಾರ್ಟಿನ್ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಕಾರುಗಳು ಲಕ್ಷಗಟ್ಟಲೆ ಮಾರಾಟವಾದವು. ಪಕ್ಕದ ಗುಂಡಿ ಒತ್ತಿದರೆ ಮೇಲಿನ ಮುಚ್ಚಳ ತೆರೆದು, ಒಳಗೆ ಕೂತ ವೈರಿ ಹೊರಗೆ ಹಾರುತ್ತಿದ್ದ. ಹಾಗೆ ಹಾರಿದ ಪುಟಾಣಿ ಪ್ಲಾಸ್ಟಿಕ್ ಮನುಷ್ಯ ಮಂಚದಡಿಗೋ ಚರಂಡಿಗೋ ಬಿದ್ದು ಕಾಣೆಯಾದ. ಡಬ್ಬಿಯೊಳಗೆ ಒಂದು ಗುಟ್ಟಿನ ಲಕೋಟೆ ಇತ್ತು. ಅದರಲ್ಲಿ ಸೂಚನೆಯ ಕಾಗದ, 007 ಬ್ಯಾಡ್ಜು, ಇನ್ನೊಬ್ಬ ವೈರಿ ಇದ್ದರು. ಮಕ್ಕಳು ಕಾರನ್ನು ಇಟ್ಟುಕೊಂಡು ಲಕೋಟೆ ಹರಿದು ಎಸೆದರು. ಇವತ್ತು ಕಾರು ಸಿಗುತ್ತದೆ. ಲಕೋಟೆ ಸಿಗುವುದು ಕಷ್ಟ.

ಆದ್ದರಿಂದ ಈ ಹವ್ಯಾಸದಲ್ಲಿ ನಾವು ಹುಡುಕಬೇಕಾದದ್ದು ಕಾಗದ ಮತ್ತು ಬಿಡಿ ಚೂರು. ನಮ್ಮ ಮಲೆನಾಡಿನ ಮಳೆ ಮೊದಲು ಹಾಳು ಮಾಡುವುದೂ ಕಾಗದವನ್ನೇ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಕೂತು ಸಂಗ್ರಹ ಮಾಡುವವರಿಗೆ ಹುಡುಕುವ ಕೆಲಸ ಅರ್ಧ, ಒಣಗಿಸಿಡುವ ಕೆಲಸ ಇನ್ನರ್ಧ. ಎರಡನ್ನೂ ಇಲ್ಲಿ ಹೇಳುತ್ತೇನೆ.

ಮೊದಲು: ಯಾವುದನ್ನು ಸಂಗ್ರಹಿಸುವುದು ಅಂತ ತೀರ್ಮಾನಿಸಿ

ಸಿಕ್ಕಿದ್ದೆಲ್ಲ ಕೊಳ್ಳಲು ಹೊರಟರೆ ದುಡ್ಡೂ ಜಾಗವೂ ಸಾಲದು. ಒಂದು ಎಳೆ ಹಿಡಿಯಿರಿ. ನನ್ನ ಸಲಹೆ, ಕನ್ನಡದ ಗೂಢಚಾರಿ ಸಾಮಾನಿನಿಂದ ಶುರು ಮಾಡಿ.

ನಮ್ಮಲ್ಲಿ ಅಂಥದ್ದು ಏನಿದೆ ಅಂತ ಕೇಳಬೇಡಿ. 1968ರಲ್ಲಿ 'ಜೇಡರ ಬಲೆ' ಬಂತು. ದೊರೈ-ಭಗವಾನ್ ನಿರ್ದೇಶನ, ರಾಜಕುಮಾರ್ ಸಿಐಡಿ 999 ಪ್ರಕಾಶ್. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರ‍್ಯಾಕೆಟ್' ಬಂದವು. ಈ ನಾಲ್ಕರ ಪೋಸ್ಟರು, ಟಾಕೀಸಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಗಾಜಿನ ಪೆಟ್ಟಿಗೆಯಲ್ಲಿ ಹಾಕುತ್ತಿದ್ದ ಫೋಟೊ, ಊರಲ್ಲಿ ಹಂಚಿದ ಕರಪತ್ರ, 45 ಆರ್‌ಪಿಎಂ ಗ್ರಾಮಫೋನ್ ತಟ್ಟೆ, ಎಲ್ಲವೂ ಸಂಗ್ರಹಯೋಗ್ಯ. ಇವುಗಳ ಜೊತೆಗೆ ಎನ್. ನರಸಿಂಹಯ್ಯ ಅವರ ಪತ್ತೇದಾರಿ ಕಾದಂಬರಿಗಳ ಹಳೇ ಮುದ್ರಣಗಳು. ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ತಲೆಮಾರು ಇನ್ನೂ ನಮ್ಮ ಮನೆಗಳಲ್ಲಿದೆ, ಅಲ್ವಾ? 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್‌ನಲ್ಲೂ ರಿಪ್ ಕಿರ್ಬಿ, ಸೀಕ್ರೆಟ್ ಏಜೆಂಟ್ ಕಾರಿಗನ್ ಕಥೆಗಳಿದ್ದವು. ಅವು ಕನ್ನಡದಲ್ಲೂ ಬಂದಿದ್ದವು. ಕನ್ನಡದ ಸಂಚಿಕೆ ಕಂಡರೆ ಬಿಡಬೇಡಿ.

ಈ ಸಾಮಾನಿಗೆ ಹೊರದೇಶದ ಹರಾಜಿನಲ್ಲಿ ಪೈಪೋಟಿ ಇಲ್ಲ. ಇವು ಸಿಗುವುದೇ ನಮ್ಮ ಸುತ್ತಮುತ್ತ. ಗುರುತಿಸಲು ಬೇಕಾದ ಭಾಷೆ ನಮ್ಮ ಹತ್ತಿರವೇ ಇದೆ. ಹೊಸಬರಿಗೆ ಇದಕ್ಕಿಂತ ಒಳ್ಳೇ ಆರಂಭ ನನಗೆ ಗೊತ್ತಿಲ್ಲ.

ಹೊರದೇಶದ ಸಾಮಾನು ಬೇಕು ಅನ್ನುವವರಿಗೆ ಒಂದು ಚಿಕ್ಕ ನಕ್ಷೆ ಕೊಡುತ್ತೇನೆ. ಕಾರ್ಗಿಯ ಮೊದಲ ಬಾಂಡ್ ಕಾರಿನ ಸಂಖ್ಯೆ 261, ಬಣ್ಣ ಚಿನ್ನದ್ದು. ಬೆಳ್ಳಿ ಬಣ್ಣ ಹಾಕಿದರೆ ಬಣ್ಣವೇ ಹಚ್ಚದ ಹಾಗೆ ಕಾಣುತ್ತದೆ ಅಂತ ಚಿನ್ನದ ಬಣ್ಣ ಹಾಕಿದರು. 1968ರಲ್ಲಿ ಬಂದ 270 ಬೆಳ್ಳಿ ಬಣ್ಣದ್ದು, ಅದರಲ್ಲಿ ತಿರುಗುವ ನಂಬರ್ ಪ್ಲೇಟು ಇದೆ. 1966ರಲ್ಲಿ ಕಾರ್ಗಿಯೇ 'ದಿ ಮ್ಯಾನ್ ಫ್ರಮ್ ಅಂಕಲ್' ಅನ್ನುವ ಗೂಢಚಾರಿ ಟಿವಿ ಧಾರಾವಾಹಿಯ 497 ಸಂಖ್ಯೆಯ ಥ್ರಶ್-ಬಸ್ಟರ್ ಕಾರು ತಂದಿತು. ಅದರ ಜೊತೆ ಒಂದು ಉಂಗುರ ಕೊಟ್ಟಿದ್ದರು. ಉಂಗುರ ಅಲುಗಿಸಿದರೆ ಚಿತ್ರ ಬದಲಾಗುತ್ತದೆ. ಕಾರು ನೀಲಿ ಬಣ್ಣದ್ದಾದರೆ ಮಾಮೂಲು, ಬಿಳಿ ಬಣ್ಣದ್ದು ಕಮ್ಮಿ. ಲಿವರ್‌ಪೂಲಿನ ಡಿಂಕಿ ಕಂಪನಿ 'ಥಂಡರ್‌ಬರ್ಡ್ಸ್' ಬೊಂಬೆ ಧಾರಾವಾಹಿಯ ಗೂಢಚಾರಿಣಿ ಲೇಡಿ ಪೆನೆಲೊಪೆಯ ಗುಲಾಬಿ ರೋಲ್ಸ್ ರಾಯ್ಸ್ ಮಾಡಿತು, ಅದರ ಮುಂದಿನಿಂದ ಕ್ಷಿಪಣಿ ಹಾರುತ್ತದೆ. ಅಮೆರಿಕದಲ್ಲಿ ಟಾಪರ್ ಕಂಪನಿಯ ಸೀಕ್ರೆಟ್ ಸ್ಯಾಮ್ ಸೂಟ್‌ಕೇಸು, ಮ್ಯಾಟೆಲ್‌ನ ಜೀರೊ ಎಂ ಸಾಲಿನ ರೇಡಿಯೊ ಬಂದೂಕು ಬಂದವು. ಇವೆಲ್ಲ ಹೆಚ್ಚುಕಮ್ಮಿ 1960ರ ದಶಕದ ನಡುವಿನವು.

ಕ್ಯಾಮೆರಾ ಪ್ರಿಯರಿಗೆ ಮಿನಾಕ್ಸ್ ಇದೆ. ವಾಲ್ಟರ್ ಜಾಪ್ ವಿನ್ಯಾಸ ಮಾಡಿದ ಈ ಪುಟ್ಟ ಕ್ಯಾಮೆರಾವನ್ನು 1930ರ ದಶಕದ ಕೊನೆಯಲ್ಲಿ ಲಾಟ್ವಿಯಾದ ರೀಗಾ ನಗರದಲ್ಲಿ ತಯಾರಿಸಿದರು. ಅದರ ಫೋಟೊ ಚೌಕಟ್ಟು ಬರೀ 8 ಗುಣಿಸು 11 ಮಿಲಿಮೀಟರ್. ಹೆಚ್ಚಿನ ಮಿನಾಕ್ಸ್‌ಗಳ ಜೊತೆಗೆ ಅಳತೆಯ ಸರಪಳಿ ಬರುತ್ತಿತ್ತು. ಕಾಗದಪತ್ರದ ಫೋಟೊ ತೆಗೆಯುವಾಗ ದೂರ ಅಳೆಯಲು ಅದು ಬೇಕು. ಇಲ್ಲೂ ಅದೇ ಮಾತು: ಕ್ಯಾಮೆರಾ ಸಿಗುತ್ತದೆ, ಸರಪಳಿ ಕಳೆದಿರುತ್ತದೆ.

ಎಲ್ಲಿ ಹುಡುಕುವುದು

ಅಟ್ಟದಿಂದ ಶುರು ಮಾಡಿ. ನಿಮ್ಮ ಮನೆಯದ್ದು, ಅಜ್ಜಿಮನೆಯದ್ದು, ನೆಂಟರದ್ದು. ಹಳೇ ಮಲೆನಾಡ ಮನೆಯಲ್ಲಿ ಅಡುಗೆಮನೆ ಮೇಲಿನ ಅಟ್ಟಕ್ಕೆ ವರ್ಷವಿಡೀ ಹೊಗೆ ತಾಗುತ್ತದೆ. ಅಲ್ಲಿ ಇಟ್ಟ ತಗಡಿನ ಸಾಮಾನಿಗೆ ತುಕ್ಕು ಕಮ್ಮಿ, ಕಾಗದಕ್ಕೆ ಗೆದ್ದಲು ಕಮ್ಮಿ. ಆದರೆ ಮಸಿ ಕೂತಿರುತ್ತದೆ. ಮಸಿ ಕಂಡು ಬೇಸರ ಪಡಬೇಡಿ, ಒಳಗೆ ಬಣ್ಣ ಚೆನ್ನಾಗಿ ಉಳಿದಿರಬಹುದು. ಜಗುಲಿ ಪಕ್ಕದ ಕೋಣೆಯ ಟ್ರಂಕಿನಲ್ಲಿ ಇಟ್ಟದ್ದು ಹೊರಗಿನಿಂದ ಶುಭ್ರವಾಗಿ ಕಂಡರೂ ಬೂಷ್ಟು ಹಿಡಿದಿರುವುದೇ ಜಾಸ್ತಿ.

ಎರಡನೆಯದು, ಊರು ಬಿಟ್ಟು ಹೋಗುವವರ ಮನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮತ್ತು ಕಾಗದದ ಕಾರ್ಖಾನೆಯ ಕ್ವಾರ್ಟರ್ಸ್‌ಗಳಿಗೆ ನಾನಾ ಕಡೆಯಿಂದ ಜನ ಬಂದು ನೆಲೆಸಿದ್ದರು. ಶರಾವತಿ ಯೋಜನೆಯ ಕಾಲದಲ್ಲಿ ಜೋಗದ ಸುತ್ತ ಇಂಜಿನಿಯರುಗಳ ಸಂಸಾರ ಬಂದವು. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಬಂಗಲೆಗಳಿವೆ. ಘಟ್ಟದ ಕೆಳಗಿನಿಂದ ಗಲ್ಫಿಗೆ ಹೋದವರು ರಜೆಗೆ ಬರುವಾಗ ಮಕ್ಕಳಿಗೆ ಆಟಿಕೆ ತಂದರು. ಇಂಥ ಮನೆಗಳಲ್ಲಿ ಹೊರದೇಶದ ಸಾಮಾನು ಸಿಗುವ ಸಾಧ್ಯತೆ ಬೇರೆ ಕಡೆಗಿಂತ ಜಾಸ್ತಿ. ಮನೆ ಖಾಲಿ ಮಾಡುವಾಗ ಗುಜರಿಯವರು ಬರುವ ಮೊದಲು ನಾವು ಹೋಗಬೇಕು. ಅದಕ್ಕೆ ಪರಿಚಯ ಬೇಕು, ಮಾತು ಬೇಕು. ಮದುವೆ ಮನೆಯಲ್ಲಿ, ಅಡಿಕೆ ಮಂಡಿಯಲ್ಲಿ, ಸಹಕಾರ ಸಂಘದಲ್ಲಿ "ಹಳೇ ಆಟದ ಸಾಮಾನು, ಸಿನಿಮಾ ಕಾಗದ ಇದ್ದರೆ ಎಸೀಬೇಡಿ, ನಂಗೊಂದು ಮಾತು ಹೇಳಿ" ಅಂತ ಹೇಳಿಡಿ. ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಸುದ್ದಿ ತಾನಾಗಿ ಬರುತ್ತದೆ.

ಮೂರನೆಯದು, ಬಾಗಿಲು ಹಾಕಿದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಮತ್ತು ಟೂರಿಂಗ್ ಟಾಕೀಸ್ ನಡೆಸಿದ ಮನೆತನಗಳು. ಪತ್ತೇದಾರಿ ಪುಸ್ತಕ ಮೊದಲನೇ ಕಡೆ, ಪೋಸ್ಟರು ಎರಡನೇ ಕಡೆ. ಗೋಡೆಗೆ ಅಂಟಿಸಿದ ಪೋಸ್ಟರು ಒಂದು ಮಳೆಗೆ ಹೋಯಿತು. ಉಳಿದಿರುವುದು ಅಂಟಿಸದೆ ಮಿಕ್ಕ ಕಟ್ಟು ಮಾತ್ರ. ಮಿಕ್ಕ ಕಟ್ಟುಗಳು ಕಪಾಟಿನ ಹಲಗೆಗೆ ಹಾಸಾಗಿ, ಪುಸ್ತಕಕ್ಕೆ ಹೊದಿಕೆಯಾಗಿ ಬಳಕೆಯಾಗಿವೆ. ಹಾಗಾಗಿ ಹಳೇ ಕಪಾಟು ಕೊಂಡರೆ ಒಳಗಿನ ಹಾಸನ್ನು ಎತ್ತಿ ನೋಡಿ.

ಜಾತ್ರೆಯನ್ನು ಮರೆಯಬೇಡಿ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಈಗ ಸಿಗುವುದು ಹೊಸ ಪ್ಲಾಸ್ಟಿಕ್ಕೇ ಆದರೂ, ತಲೆಮಾರುಗಳಿಂದ ಆಟಿಕೆ ಮಾರುವ ವ್ಯಾಪಾರಿಗಳಿರುತ್ತಾರೆ. ಅವರ ಗೋದಾಮಿನಲ್ಲಿ ಮಾರಾಟವಾಗದೆ ಉಳಿದ ಕೇಪು ಪಿಸ್ತೂಲು, ತಗಡಿನ ಸಾಮಾನು ಇರಬಹುದು. ಕೇಳಿದರೆ ನಷ್ಟ ಇಲ್ಲ.

ಭಾರತದಲ್ಲೇ ಆದ ಹಳೇ ಕಾರುಗಳ ಮೇಲೂ ಕಣ್ಣಿಡಿ. ಡಿಂಕಿಯ ಹಳೇ ಅಚ್ಚುಗಳನ್ನು ತಂದು ಕಲ್ಕತ್ತಾದಲ್ಲಿ ನಿಕಿ ಟಾಯ್ಸ್ ಅಂತ ಮಾಡುತ್ತಿದ್ದರು. ಇವು ಗೂಢಚಾರಿ ಆಟಿಕೆ ಅಲ್ಲದಿದ್ದರೂ, ಹೊರದೇಶದ ಸಂಗ್ರಾಹಕರಿಗೆ ಇವುಗಳ ಮೇಲೆ ಆಸೆ ಇದೆ. ವಿನಿಮಯಕ್ಕೆ ಕೈಯಲ್ಲಿದ್ದರೆ ಒಳ್ಳೆಯದು.

ಅಸಲಿಯೋ ನಕಲಿಯೋ: ಕಾಗದವೇ ಹೇಳುತ್ತದೆ

ನನಗೆ ಅತಿ ಇಷ್ಟವಾದ ಭಾಗ ಇದು. ವರ್ಷ ಬರೆದಿರದ ಕಾಗದದಲ್ಲೂ ವರ್ಷ ಅಡಗಿರುತ್ತದೆ.

ರಾಜಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಹಾಗಾಗಿ 'ಜೇಡರ ಬಲೆ'ಯ ಪೋಸ್ಟರಿನಲ್ಲಿ "ಡಾ. ರಾಜಕುಮಾರ್" ಅಂತ ಅಚ್ಚಾಗಿದ್ದರೆ ಅದು 1968ರದ್ದಲ್ಲ, ಆಮೇಲೆ ಮರುಬಿಡುಗಡೆಗೆ ಮಾಡಿದ್ದು. ಅವರ ಚಿತ್ರಗಳು ಮತ್ತೆ ಮತ್ತೆ ಬಿಡುಗಡೆಯಾದ್ದರಿಂದ ಇಂಥ ಪೋಸ್ಟರುಗಳು ತುಂಬ ಇವೆ. ಮರುಬಿಡುಗಡೆಯ ಪೋಸ್ಟರೂ ಚೆಂದವೇ, ಸಂಗ್ರಹಕ್ಕೂ ಸರಿ. ಆದರೆ ಮೊದಲ ಬಿಡುಗಡೆಯ ಬೆಲೆ ಕೊಡಬಾರದು. 1978ರ ಚಿತ್ರಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ.

ಮುದ್ರಣಾಲಯದ ವಿಳಾಸ ಸಾಮಾನ್ಯವಾಗಿ ಕೆಳತುದಿಯಲ್ಲಿ ಚಿಕ್ಕ ಅಕ್ಷರದಲ್ಲಿರುತ್ತದೆ. ಅದರಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಬೆಂಗಳೂರು-2" ಅಂತ ಬರೀ ವಲಯದ ಅಂಕಿ ಇದ್ದರೆ ಅದಕ್ಕಿಂತ ಹಳೆಯದಿರಬಹುದು. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ಪುಸ್ತಕದ ಬೆಲೆ "ನ.ಪೈ." ಅಂತಿದ್ದರೆ ನಯಾ ಪೈಸೆಯ ಕಾಲ, ಅಂದರೆ 1957ರಿಂದ 1964. ಆಣೆಯಲ್ಲಿದ್ದರೆ ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ಆಟಿಕೆಗಳಿಗೂ ಇದೇ ವಿದ್ಯೆ. "ಮೇಡ್ ಇನ್ ಆಕ್ಯುಪೈಡ್ ಜಪಾನ್" ಅಂತಿರುವ ಬೊಂಬೆ ಕ್ಯಾಮೆರಾ 1952ಕ್ಕೆ ಮುಂಚಿನದು. "ವೆಸ್ಟ್ ಜರ್ಮನಿ" ಅಂತಿದ್ದರೆ 1949ರಿಂದ 1990ರ ಒಳಗಿನದು. ಬಾಂಡ್ ಕಾರಿನ ತಳದಲ್ಲಿ "ಮೇಡ್ ಇನ್ ಚೈನಾ" ಇದ್ದರೆ ಅದು 1965ರದ್ದಾಗಲು ಸಾಧ್ಯವೇ ಇಲ್ಲ, ಮಾರುವವರು ಏನೇ ಹೇಳಲಿ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ ಜೇಬಿನಲ್ಲಿಟ್ಟುಕೊಳ್ಳಿ. ಹಳೇ ಆಫ್‌ಸೆಟ್ ಚಿತ್ರದಲ್ಲಿ ಚುಕ್ಕಿಗಳು ಹೂವಿನ ಸುತ್ತಿನಂತೆ ಸಾಲಾಗಿ ಕೂತಿರುತ್ತವೆ. ಮನೆಯ ಪ್ರಿಂಟರಿನಲ್ಲಿ ಮಾಡಿದ್ದರೆ ಅಡ್ಡಾದಿಡ್ಡಿ ಚಿಮುಕಿಸಿದಂತೆ ಕಾಣುತ್ತವೆ. ಹಾಡಿನ ಪುಸ್ತಕ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದ್ದಾದರೆ, ಹಾಳೆಯ ಹಿಂಬದಿಗೆ ಬೆರಳು ಸವರಿದಾಗ ಅಕ್ಷರದ ಒತ್ತು ತಿಳಿಯುತ್ತದೆ. ನಕಲು ಮಾಡಿದ್ದರಲ್ಲಿ ಹಿಂಬದಿ ನುಣ್ಣಗೆ.

ಕಾರಿನಲ್ಲಿ ತಳದ ರಿವೆಟ್ಟು ನೋಡಿ. ಕಂಪನಿಯ ರಿವೆಟ್ಟು ನಯವಾಗಿ ಹರಡಿರುತ್ತದೆ. ಕೊರೆದು ಸ್ಕ್ರೂ ಹಾಕಿದ್ದರೆ ಯಾರೋ ಬಿಚ್ಚಿ ಬಣ್ಣ ಬಳಿದಿದ್ದಾರೆ ಅಂತ ತಿಳಿಯಿರಿ. ಬಿಳಿ ಥ್ರಶ್-ಬಸ್ಟರ್ ಅಂತ ತೋರಿಸಿದರೆ ಬಾಗಿಲಿನ ಒಳಅಂಚು, ಗಾಜಿನ ಸಂದು ನೋಡಿ. ನೀಲಿ ಇಣುಕಿದರೆ ಬಿಟ್ಟು ಬನ್ನಿ. ಚಿತ್ರದ ಹೆಸರಿನಲ್ಲಿ ತಯಾರಾದ ಸಿಐಡಿ 999 ಆಟಿಕೆ ಅಂತ ಯಾರಾದರೂ ತಂದರೆ ಡಬ್ಬಿ, ತಯಾರಕರ ಗುರುತು, ಆ ಕಾಲದ ಜಾಹೀರಾತು ಕೇಳಿ. ಪುರಾವೆ ಇಲ್ಲದಿದ್ದರೆ ಸಾಮಾನ್ಯ ಹಳೇ ಪಿಸ್ತೂಲಿನ ಬೆಲೆಯಷ್ಟೇ ಕೊಡಿ.

ಬೆಲೆ ಮತ್ತು ಪಾರ್ಸೆಲ್

ಜಾಲತಾಣದಲ್ಲಿ ಕೇಳುವ ಬೆಲೆ ನೋಡಿ ಹೆದರಬೇಡಿ, ಹಿಗ್ಗಬೇಡಿ. ನೋಡಬೇಕಾದದ್ದು ಮಾರಾಟವಾಗಿ ಮುಗಿದ ಬೆಲೆ. ಇಬೇಯಲ್ಲಿ ಅದನ್ನು ಬೇರೆಯಾಗಿ ತೋರಿಸುತ್ತಾರೆ. ಬ್ರಿಟನ್ನಿನ ವೆಕ್ಟಿಸ್‌ನಂಥ ಆಟಿಕೆ ಹರಾಜು ಸಂಸ್ಥೆಗಳ ಹಳೇ ಫಲಿತಾಂಶವೂ ಸಿಗುತ್ತದೆ. ಹೊರಗಿನಿಂದ ತರಿಸುವಾಗ ಸುಂಕ, ಅಂಚೆ ಸೇರಿಸಿ ಲೆಕ್ಕ ಹಾಕಿ. ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯ ಮಾಡಿದ ಆದೇಶ 2021ರ ಜನವರಿಯಿಂದ ಜಾರಿಯಲ್ಲಿದೆ. ಹಾಗಾಗಿ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಲ್ಲಬಹುದು. ದುಬಾರಿ ಸಾಮಾನನ್ನು ಅಂಚೆಯಲ್ಲಿ ತರಿಸುವ ಮೊದಲು ವಿಚಾರಿಸಿ.

ಊರಿನ ಮನೆಗಳಲ್ಲಿ ಕೊಳ್ಳುವಾಗ ನ್ಯಾಯವಾದ ಬೆಲೆ ಕೊಡಿ. ವಯಸ್ಸಾದವರಿಗೆ ಅದರ ಬೆಲೆ ಗೊತ್ತಿಲ್ಲ ಅಂತ ಗುಜರಿ ಬೆಲೆಗೆ ಎತ್ತಿಕೊಂಡು ಬರುವುದು ನನಗೆ ಸರಿ ಕಾಣುವುದಿಲ್ಲ. ಅದು ಏನು, ಯಾಕೆ ಅಪರೂಪ ಅಂತ ಅವರಿಗೇ ಹೇಳಿ. ಹಾಗೆ ಹೇಳಿದ ಮನೆಯವರು ಹೆಚ್ಚಾಗಿ ಇನ್ನೊಂದು ಟ್ರಂಕು ತೆರೆಯುತ್ತಾರೆ.

ತಂದ ದಿನ ಮಾಡಬೇಕಾದದ್ದು

ಹೊಸದಾಗಿ ತಂದದ್ದನ್ನು ನೇರವಾಗಿ ಉಳಿದವುಗಳ ಜೊತೆ ಇಡಬೇಡಿ. ಹುಳ, ಬೂಷ್ಟು ಇದ್ದರೆ ಎಲ್ಲಕ್ಕೂ ಹರಡುತ್ತದೆ. ಕಾಗದದಲ್ಲಿ ಹುಳ ಕಂಡರೆ, ಕಾಗದ ಒಣಗಿದ್ದರೆ ಮಾತ್ರ, ಗಾಳಿ ಹೋಗದ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರಿಜ್ಜಿನ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ನೀರು ಕೂರುತ್ತದೆ. ಬೂಷ್ಟು ಇದ್ದರೆ ಮೊದಲು ನೆರಳಲ್ಲಿ ಒಣಗಿಸಿ. ಆಮೇಲೆ ಅಂಗಳಕ್ಕೆ ಹೋಗಿ, ಎನ್95 ಮಾಸ್ಕು ಹಾಕಿಕೊಂಡು, ಮೆತ್ತನೆ ಕುಂಚದಲ್ಲಿ ಗುಡಿಸಿ. ಒದ್ದೆ ಬೂಷ್ಟು ಒರೆಸಿದರೆ ಕಲೆ ಒಳಗಿಳಿಯುತ್ತದೆ.

ಸೆಲ್ ಹಾಕುವ ಆಟಿಕೆಯಾದರೆ ಸೆಲ್ ಗೂಡು ತೆರೆಯಿರಿ. ಹಳೇ ಕಾಲದ ಜಿಂಕ್-ಕಾರ್ಬನ್ ಸೆಲ್ ಸೋರಿದ್ದರೆ ಅಡುಗೆ ಸೋಡಾ ನೀರಿನ ಒಂದೆರಡು ಹನಿ, ಆಲ್ಕಲೈನ್ ಸೆಲ್ ಆದರೆ ವಿನೆಗರ್. ಹತ್ತಿ ಕಡ್ಡಿಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಸೆಲ್ ಮತ್ತೆ ಹಾಕಿಡಬೇಡಿ.

ಮಾಡಬಾರದ ಕೆಲಸ ಎರಡು: ಬಣ್ಣ ಹೋದ ಕಾರಿಗೆ ಬಣ್ಣ ಬಳಿಯುವುದು, ಹರಿದ ಡಬ್ಬಿಗೆ ಸೆಲೋಟೇಪು ಅಂಟಿಸುವುದು. ಎರಡೂ ಸಾಮಾನನ್ನು ಕೆಡಿಸುತ್ತವೆ. ಟೇಪಿನ ಕಂದು ಕಲೆ ಆಮೇಲೆ ಹೋಗುವುದಿಲ್ಲ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಮಕ್ಕಳ ಕೈಗೆ ಆಡಲು ಕೊಡಬೇಡಿ.

ಮಳೆಗಾಲ

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ವರ್ಷಗಳಿವೆ. ಜಡಿಮಳೆಯ ದಿನಗಳಲ್ಲಿ ಗಾಳಿಯ ತೇವ ಶೇ 90 ಮೀರುತ್ತದೆ. ಕಾಗದದ ಮೇಲೆ ಬೂಷ್ಟು ಬೆಳೆಯಲು ಶೇ 65-70 ಸಾಕು. ನಾವು ಶೇ 45ರಿಂದ 55ರ ಒಳಗೆ ಇಡಬೇಕು. ಮಲೆನಾಡಲ್ಲಿ ಇಡೀ ಕೋಣೆಯನ್ನು ಹಾಗೆ ಇಡುವುದು ಕಷ್ಟ. ಪೆಟ್ಟಿಗೆಯನ್ನು ಇಡಬಹುದು.

ರಬ್ಬರ್ ಅಂಚಿನ ಮುಚ್ಚಳ ಇರುವ ಪಾಲಿಪ್ರಾಪಿಲೀನ್ ಡಬ್ಬಿ ತನ್ನಿ, ತಳದಲ್ಲಿ 5 ಅಂಕಿ ಇರುತ್ತದೆ. ಒಳಗೆ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ತೇವಮಾಪಕ ಇಡಿ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಬೇಡ. ಹಸಿರಾದದ್ದನ್ನು 110-120 ಡಿಗ್ರಿ ಓವನ್ನಿನಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಬರುತ್ತದೆ.

ಡಬ್ಬಿ ಮುಚ್ಚುವ ಕಾಲ ಮುಖ್ಯ. ಬೇಸಿಗೆಯ ಒಣ ಮಧ್ಯಾಹ್ನ, ಮೃಗಶಿರ ಮಳೆ ಹಿಡಿಯುವ ಮೊದಲು ಮುಚ್ಚಿ. ಒದ್ದೆ ಗಾಳಿಯ ಜೊತೆ ಮುಚ್ಚಿದರೆ ಡಬ್ಬಿಯೊಳಗೇ ಮಳೆಗಾಲ. ಸ್ವಾತಿ ಮಳೆ ಮುಗಿಯುವವರೆಗೆ ಯಾರಿಗೋ ತೋರಿಸಬೇಕು ಅಂತ ಸುಮ್ನೆ ತೆರೆಯಬೇಡಿ. ತೇವಮಾಪಕ ಹೊರಗಿನಿಂದ ಕಾಣುವಂತೆ ಪಾರದರ್ಶಕ ಡಬ್ಬಿ ಇದ್ದರೆ ತೆರೆಯುವ ಅಗತ್ಯವೇ ಬರುವುದಿಲ್ಲ.

ನುಸಿಗುಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಆಟಿಕೆ ಇರುವ ಡಬ್ಬಿಗೆ ಬೇಡವೇ ಬೇಡ. ಅದರ ಆವಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ತಾಳೆಗರಿಗಳನ್ನು ಕಾಪಾಡಲು ನಮ್ಮ ಹಿರಿಯರು ಬಜೆ ಬೇರು, ಬೇವಿನ ಸೊಪ್ಪು ಇಡುತ್ತಿದ್ದರು. ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಕಪಾಟಿನ ಮೂಲೆಯಲ್ಲಿಡಿ, ಕಾಗದಕ್ಕೆ ತಾಗದ ಹಾಗೆ. ಇದು ಹುಳಕ್ಕೆ ಮಾತ್ರ, ತೇವಕ್ಕಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಇದೇ ಮಲೆನಾಡಿನಲ್ಲಿ ಅಷ್ಟು ಹಳೆಯದು ಉಳಿದಿರುವುದನ್ನು ಒಮ್ಮೆ ಹೋಗಿ ನೋಡಿ ಬನ್ನಿ, ಧೈರ್ಯ ಬರುತ್ತದೆ.

ಇನ್ನು ಬಿಡಿ ವಿಷಯಗಳು. ಕಾಗದಕ್ಕೆ ಪಿವಿಸಿ ಹಾಳೆ ಬೇಡ, ಪಾಲಿಯೆಸ್ಟರ್ ಅಥವಾ ಪಾಲಿಪ್ರಾಪಿಲೀನ್ ಹಾಳೆ ಬಳಸಿ. ಮೆತ್ತನೆ ವಿನೈಲ್ ಟೈರು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿದರೆ ಎರಡೂ ಅಂಟಿ ಆ ಪ್ಲಾಸ್ಟಿಕ್ಕು ಕರಗುತ್ತದೆ, ನಡುವೆ ಪಾಲಿಯೆಸ್ಟರ್ ಚೂರು ಇಡಿ. ಕ್ಯಾಮೆರಾವನ್ನು ಅದರ ಚರ್ಮದ ಚೀಲದಿಂದ ತೆಗೆದು ಬೇರೆ ಇಡಿ, ಚರ್ಮ ತೇವ ಹಿಡಿದು ಲೆನ್ಸಿಗೆ ಬೂಷ್ಟು ದಾಟಿಸುತ್ತದೆ. ಹಳೇ ಸತು ಮಿಶ್ರಲೋಹದ ಕಾರಿನ ಮೈ ತಾನಾಗಿ ಬಿರುಕು ಬಿಟ್ಟು ಉಬ್ಬಿದ್ದರೆ, ಅದು ಎರಕದಲ್ಲಿ ಸೀಸ ಬೆರೆತ ದೋಷ. ಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಜಾಸ್ತಿ. ಅದಕ್ಕೆ ಮದ್ದಿಲ್ಲ, ಇನ್ನೊಂದು ಕಾರಿಗೆ ಹರಡುವುದೂ ಇಲ್ಲ. ಒಣಗಿಸಿಟ್ಟರೆ ನಿಧಾನವಾಗುತ್ತದೆ, ಅಷ್ಟೇ.

ದಾಖಲೆ

ಪ್ರತಿ ಸಾಮಾನಿಗೂ ಒಂದು ಪುಟ. ಎಲ್ಲಿ ಸಿಕ್ಕಿತು, ಯಾರ ಮನೆ ಅಟ್ಟ, ಅವರಿಗೆ ಹೇಗೆ ಬಂತು, ಎಷ್ಟು ಕೊಟ್ಟಿರಿ, ಯಾವ ಚೂರು ಇಲ್ಲ. ಮಾರಿದವರಿಗೆ ಆ ಸಾಮಾನಿನ ನೆನಪಿದ್ದರೆ ಅವರ ಮಾತನ್ನೇ ಬರೆದುಕೊಳ್ಳಿ. ಅವರು ಒಪ್ಪಿದರೆ ಮಾತ್ರ ಹೆಸರು ಬರೆಯಿರಿ. ಸೀಸದ ಕಡ್ಡಿಯಲ್ಲಿ ಬರೆದರೆ ತೇವಕ್ಕೆ ಅಳಿಸುವುದಿಲ್ಲ. ಫೋಟೊ ತೆಗೆಯುವಾಗ ಮುಂಭಾಗ ಒಂದೇ ಸಾಲದು. ತಳ, ರಿವೆಟ್ಟು, ಡಬ್ಬಿಯ ಒಳಮಡಿಕೆ, ಮುದ್ರಣಾಲಯದ ಸಾಲು, ಎಲ್ಲವೂ ಬೇಕು. ಇಲ್ಲದ ಚೂರುಗಳ ಪಟ್ಟಿಯನ್ನು ಬೇರೆ ಚೀಟಿಯಲ್ಲಿ ಬರೆದು ಭೂತಗನ್ನಡಿಯ ಜೊತೆ ಜೇಬಿನಲ್ಲಿಡಿ. ಗುಜರಿ ಅಂಗಡಿಯ ಬಿಡಿ ಸಾಮಾನಿನ ಬುಟ್ಟಿ ಕೆದಕುವಾಗ ಆ ಚೀಟಿ ಕೈಯಲ್ಲಿರಬೇಕು.